ಜನ ಎದ್ದು ನಿಂತ ಹಾಡು

ಹುಬ್ಬಳ್ಳಿ
12 ಜೂನ್ 1984

ಪ್ರೀತಿಯ ಜಯಣ್ಣನವರಿಗೆ ಸತ್ಯವತಿಯ ನಮಸ್ಕಾರಗಳು.

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಯಾವ ಸತ್ಯವತಿ ಎಂದು ಹುಬ್ಬೇರಿಸಬೇಡಿ, ನಿಮ್ಮ ‘ಹಾರ್ಮನಿ ಫೋರ್’ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದವಳೇ. ನಮ್ಮ ಯಜಮಾನರಿಗೆ ರೈಲ್ವೆಯಲ್ಲಿ ಹುಬ್ಬಳ್ಳಿಗೆ ವರ್ಗವಾಗಿ ಇಲ್ಲೇ ಬೇರು ಬಿಟ್ಟಿದ್ದೇವೆ. ಇಲ್ಲಿ ನಾನು ಹಾಡುತ್ತಿದ್ದೆ ಎಂಬುದೇ ಯಾರಿಗೂ ಗೊತ್ತಿಲ್ಲ. ಪಕ್ಕದ ಮನೆಯ ನಿಂಗವ್ವನಿಗೆ ಒಮ್ಮೆ, ನಾವು ನಾಲ್ವರು ವೇದಿಕೆ ಹತ್ತಿದರೆ ಯಶವಂತಪುರದಲ್ಲಿ ಬಸ್ಸು ನಿಲ್ಲುತ್ತಿತ್ತು ಎಂದು ಹೇಳಿದೆ. "ಹೌದೇನ್ರೀ ಯವ್ವಾ" ಎಂದು ಕೊತ್ತಂಬರಿ ಬಿಡಿಸುತ್ತಾ ಕೂತರು. ಒಂದಕ್ಷರ ನಂಬಲಿಲ್ಲ.

ವಿಷಯಕ್ಕೆ ಬರುತ್ತೇನೆ. ಯಶವಂತಪುರದ ಗಣೇಶೋತ್ಸವ ಸಮಿತಿಯ ಮಹಾಲಿಂಗಪ್ಪನವರು ಕಾಗದ ಹಾಕಿದ್ದಾರೆ. ಸೆಪ್ಟೆಂಬರಿನಲ್ಲಿ ಒಂದು ಸಂಜೆ ನಾನು ಬಂದು ಹಾಡಬೇಕಂತೆ. ಹಾರ್ಮನಿ ಫೋರ್ ಎಂದರೆ ಜನ ಈಗಲೂ ಓಡಿ ಬರುತ್ತಾರಂತೆ. ಅಕಾರ್ಡಿಯನ್ ನುಡಿಸಲು ಮೊಯಿನುದ್ದೀನ್ ಒಪ್ಪಿದ್ದಾರೆ. ಡ್ರಮ್ಮಿಗೆ ಪುಟ್ಟಣ್ಣನನ್ನು ಹುಡುಕಿಸುತ್ತಿದ್ದೇನೆ, ಶೆಟ್ಟಿಹಳ್ಳಿಯಲ್ಲೇ ಇದ್ದಾನಂತೆ. ನೀವು ಗಿಟಾರ್ ಹಿಡಿದರೆ ನಾಲ್ವರೂ ಆದೆವು. ಹಿಡಿಯಲು ಮನಸ್ಸಿಲ್ಲದಿದ್ದರೆ ಹೆಸರನ್ನೂ ‘ಕಿಟಕಿ ತಟ್ಟಿದವರ್ಯಾರು’ ಹಾಡನ್ನೂ ಬಳಸಲು ಒಪ್ಪಿಗೆ ಕೊಡಿ. ಎರಡೂ ನೀವು ಮಾಡಿದ್ದು, ನಿಮ್ಮನ್ನು ಕೇಳದೆ ಮುಟ್ಟಬಾರದು ಎನ್ನಿಸಿತು.

ನನಗೆ ಮತ್ತೆ ಹಾಡಬೇಕು ಜಯಣ್ಣ. ಸೌದೆ ಒಲೆ ಹೋಗಿ ಗ್ಯಾಸ್ ಬಂತು, ಮಕ್ಕಳು ದೊಡ್ಡವರಾದರು, ಈ ಆಸೆ ಮಾತ್ರ ಹೋಗಿಲ್ಲ. ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ
ಸತ್ಯವತಿ


ಆರ್.ಟಿ. ನಗರ, ಬೆಂಗಳೂರು
21 ಜೂನ್ 1984

ಚಿ. ಸೌ. ಸತ್ಯವತಿಗೆ ಜಯಸಿಂಹನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಒಂದು ಮಾತು ತಿಳಿದುಕೋ. ಹಾರ್ಮನಿ ಫೋರ್ ಆದದ್ದು ಒಂದು ಸಲ. ಮತ್ತೆ ಆಗುವುದಿಲ್ಲ. ಬೆಂಗಳೂರಿನಲ್ಲಿ ಆರ್ಕೆಸ್ಟ್ರಾಗಳಿಗೇನು ಬರವೇ? ಗಣೇಶನ ಹಬ್ಬ ಬಂದರೆ ಬೀದಿಗೊಂದು ಹುಟ್ಟಿಕೊಳ್ಳುತ್ತದೆ, ಎಲ್ಲರೂ ಸಿನಿಮಾ ಹಾಡು ಅರಚುತ್ತಾರೆ. ಸ್ವಂತ ಹಾಡು ಕಟ್ಟಿ, ಗಿಟಾರಿಗೆ ಕನ್ನಡ ಕಲಿಸಿದವರು ನಾವು. ನಾವು ಎಂದರೆ ನಾನು. 1972ರ ಯಶವಂತಪುರ ನೆನಪಿದೆಯೇ? ‘ಕಿಟಕಿ ತಟ್ಟಿದವರ್ಯಾರು’ ಶುರುವಾಗಿ ಎರಡು ಸಾಲಿಗೆ ಇಡೀ ಮೈದಾನ ಎದ್ದು ನಿಂತಿತು. ಬಂದೋಬಸ್ತಿಗೆ ಬಂದ ಪೊಲೀಸಿನವರು ಎದ್ದರು, ಕಡಲೆಕಾಯಿ ಮಾರುವ ಗೋಪಾಲಮ್ಮ ಬುಟ್ಟಿ ಬಿಟ್ಟು ಎದ್ದರು. ಆಮೇಲೆ ಮೂರು ವರ್ಷ ಎಲ್ಲಿ ಹಾಡಿದರೂ ಜನ ಅದೇ ಜಾಗದಲ್ಲಿ ಎದ್ದು ನಿಲ್ಲುತ್ತಿದ್ದರು. ಅಲ್ಲಿ ನಾನು ಸ್ವರವನ್ನು ಒಂದು ಮೆಟ್ಟಿಲು ಮೇಲಕ್ಕೆ ಏರಿಸುತ್ತೇನೆ. ಅದು ಕೂತವರನ್ನು ಎಬ್ಬಿಸುವ ಸ್ವರ. ಅಂಥದ್ದು ನನಗೂ ಮತ್ತೊಮ್ಮೆ ಸಿಕ್ಕಿಲ್ಲ.

ಈಗ ನೀನು ಮೂವತ್ತು ದಾಟಿದ ಮೇಲೆ, ಒಗ್ಗರಣೆ ಹೊಗೆ ಕುಡಿದ ಗಂಟಲಲ್ಲಿ ಅದನ್ನು ಹಾಡುತ್ತೇನೆ ಎನ್ನುತ್ತೀಯೆ. ಜನ ಕೂತೇ ಇರುತ್ತಾರೆ. ಆಮೇಲೆ ‘ಅಯ್ಯೋ, ಇಷ್ಟೇನಾ ಹಾರ್ಮನಿ ಫೋರ್’ ಎನ್ನುತ್ತಾರೆ. ಆ ಮಾತು ಕೇಳಲು ನಾನು ತಯಾರಿಲ್ಲ. ನಾನೇ ಗಿಟಾರನ್ನು ಅಟ್ಟದ ಮೇಲೆ ಹಾಕಿದ್ದೇನೆ, ತಂತಿ ತುಕ್ಕು ಹಿಡಿದಿದೆ. ಹೆಸರೂ ಹಾಡೂ ಎರಡಕ್ಕೂ ಒಪ್ಪಿಗೆ ಇಲ್ಲ. ಮಹಾಲಿಂಗಪ್ಪನಿಗೆ ನಾನೇ ಹೇಳಿಬಿಡುತ್ತೇನೆ.

ಜಯಸಿಂಹ


ಹುಬ್ಬಳ್ಳಿ
2 ಜುಲೈ 1984

ಪೂಜ್ಯ ಜಯಸಿಂಹ ಅವರಿಗೆ,

ಅಣ್ಣ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಪೂಜ್ಯ.

ಒಗ್ಗರಣೆಯ ಮಾತು ಚೆನ್ನಾಗಿ ಬರೆದಿದ್ದೀರಿ. ನನ್ನ ಗಂಟಲಿಗೆ ವಯಸ್ಸಾಯಿತು, ನಿಮ್ಮ ಜಂಬಕ್ಕೆ ಮಾತ್ರ ಆಗಲಿಲ್ಲ ನೋಡಿ.

ಕೂತವರನ್ನು ಎಬ್ಬಿಸುವ ಸ್ವರವಂತೆ! ಯಾರಿಗೆ ಹೇಳುತ್ತೀರಿ ಸ್ವಾಮಿ? ನಾನು ಮೈಕಿನ ಮುಂದೆ ನಿಂತಿದ್ದೆ. ‘ಕಿಟಕಿ ತಟ್ಟಿದವರ್ಯಾರು’ ಎಂದು ನಾನು ಕೇಳಬೇಕು, ಪುಟ್ಟಣ್ಣ ಡ್ರಮ್ಮಿನ ಹಿಂದಿನಿಂದ ‘ಹೇಳಿ, ಹೇಳಿ!’ ಎನ್ನಬೇಕು. ನೀವು ಬರೆದದ್ದು ಹಾಗೆ. ಆದರೆ ಶೆಟ್ಟಿಹಳ್ಳಿಯ ಪುಟ್ಟಣ್ಣನ ನಾಲಿಗೆಗೆ ಹಕಾರ ಎಲ್ಲಿತ್ತು? ಹಾಲು ಅವನಿಗೆ ಆಲು, ಹೂವು ಊವು, ಹೆಬ್ಬಾಳ ಎಬ್ಬಾಳ. ನಮ್ಮ ಹಾರ್ಮನಿಯನ್ನೇ ಆರ್ಮನಿ ಮಾಡಿದ. ಅವತ್ತು ಎದೆ ಬಿರಿಯುವ ಹಾಗೆ ‘ಏಳಿ, ಏಳಿ!’ ಎಂದು ಕೂಗಿದ. ಜನ ಎದ್ದರು. ಯಾರೋ ಕಿಟಕಿ ತಟ್ಟಿದ್ದಾರೆ, ಏಳಿ ಎಂದರೆ ಏಳದೆ ಏನು ಮಾಡುತ್ತಾರೆ? ಮೊದಲು ಎದ್ದವರು ಗೋಪಾಲಮ್ಮ, ಅವರನ್ನು ನೋಡಿ ಉಳಿದವರು. ಎದ್ದವರು ನಗುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು, ಕೂರುವುದನ್ನೇ ಮರೆತರು. ಮಾರನೇ ದಿನದಿಂದ ಅದು ಆಟವಾಯಿತು. ಪುಟ್ಟಣ್ಣ ಯಾವಾಗ ಏಳಿ ಎನ್ನುತ್ತಾನೋ ಎಂದು ಕಾಯುತ್ತಿದ್ದರು.

ಅವನು ಬೇಕೆಂದು ಮಾಡಿದ್ದಲ್ಲ, ಅವನಿಗೆ ತಾನು ಹೇಳಿ ಎಂದೇ ಹೇಳುತ್ತಿದ್ದೇನೆ ಎಂಬ ನಂಬಿಕೆ. ನಿಮಗೆ ಗೊತ್ತಿತ್ತು. ಗೊತ್ತಿದ್ದೇ ಹೊಟ್ಟೆ ಉರಿದುಕೊಂಡಿರಿ. 75ರಲ್ಲಿ ಹೆಬ್ಬಾಳದ ಕೆರೆ ಪಕ್ಕದ ಬಯಲಲ್ಲಿ ಹಾಡುವ ಮುಂಚೆ, ನಮ್ಮೆಲ್ಲರ ಎದುರಿಗೆ, ಒಂದು ಹಾಳೆಯಲ್ಲಿ ಅಂಗೈಯಷ್ಟು ದೊಡ್ಡ ‘ಹ’ ಬರೆದು ಅವನ ಡ್ರಮ್ಮಿಗೆ ಅಂಟಿಸಿದಿರಿ. "ಕನ್ನಡ ಮಾತಾಡಕ್ಕೆ ಬರಲ್ವೇನೋ ನಿಂಗೆ? ಇವತ್ತು ಹ ಬರ್ಲಿಲ್ಲ ಅಂದ್ರೆ ನೀನೂ ಬರ್ಬೇಡ" ಎಂದಿರಿ. ಪಾಪ, ಹೆದರಿದವನು ಸಿಕ್ಕಸಿಕ್ಕಲ್ಲೆಲ್ಲ ಹ ಹಾಕಿದ. ‘ಊರಿಗೆಲ್ಲ ಎಚ್ಚರ ಆಯ್ತು’ ಎಂಬ ಸಾಲು ‘ಹೂರಿಗೆಲ್ಲ ಹೆಚ್ಚರ ಹಾಯ್ತು’ ಆಯಿತು. ಜನ ಬಿದ್ದು ಬಿದ್ದು ನಕ್ಕರು. ಕಡ್ಡಿ ಕೆಳಗಿಟ್ಟು ಇಳಿದು ಹೋದವನು ತಿರುಗಿ ಬರಲಿಲ್ಲ. ನೀವು ಮೈಕ್ ಹಿಡಿದು, ಕೀರ್ತಿಯ ಶಿಖರದಲ್ಲೇ ಹಾರ್ಮನಿ ಫೋರ್ ಮುಗಿಸುತ್ತಿದ್ದೇವೆ ಎಂದು ಭಾಷಣ ಮಾಡಿದಿರಿ. ಶಿಖರವಂತೆ!

ಮತ್ತೆ ಆಗುತ್ತದೆ. ಪುಟ್ಟಣ್ಣ ಏಳಿ ಎಂದರೆ ಇವತ್ತಿಗೂ ಜನ ಏಳುತ್ತಾರೆ. ಅದಕ್ಕೆ ನಿಮ್ಮ ಗಿಟಾರ್ ಬೇಕಾಗಿಲ್ಲ.

ಸತ್ಯವತಿ ಸೇತುರಾಮ್


ಆರ್.ಟಿ. ನಗರ
9 ಜುಲೈ 1984

ಶ್ರೀಮತಿ ಸತ್ಯವತಿ ಸೇತುರಾಮ್ ಅವರಿಗೆ,

ಇನ್ನು ಮುಂದೆ ನೀವು ಎಂದೇ ಬರೆಯುತ್ತೇನೆ, ಸಲಿಗೆ ಸಾಕು. ಒಬ್ಬನಿಗೆ ನಾಲಿಗೆ ಹೊರಳದಿರುವುದನ್ನು ಸಂಗೀತ ಎಂದು ಕರೆಯುವವರ ಜೊತೆ ನನಗೆ ಮಾತಿಲ್ಲ. ತಪ್ಪನ್ನು ತಿದ್ದುವುದು ಗುರುವಿನ ಕೆಲಸ. ನಾನು ಗಿಟಾರ್ ಮುಟ್ಟುವುದಿಲ್ಲ, ನೀವೂ ಆ ಹಾಡನ್ನು ಮುಟ್ಟಬೇಡಿ. ಗಂಡ, ಮಕ್ಕಳು, ಮನೆ ನೋಡಿಕೊಂಡಿರಿ.

ಜಯಸಿಂಹ


ಹುಬ್ಬಳ್ಳಿ
20 ಆಗಸ್ಟ್ 1984

ಜಯಸಿಂಹ ಅವರಿಗೆ,

ಹಿಂದಿನದನ್ನು ಕಾರ್ಡಿನಲ್ಲಿ ಬರೆದಿರಿ, ಪೋಸ್ಟ್‌ಮ್ಯಾನ್ ಓದಿ, ನಮ್ಮತ್ತೆ ಓದಿ, ಆಮೇಲೆ ನನ್ನ ಕೈಗೆ ಬರಲಿ ಎಂದು. ಹಾಗೇ ಆಯಿತು. ನಮ್ಮತ್ತೆ ಎರಡು ದಿನ ಮಾತು ಬಿಟ್ಟಿದ್ದರು. ನನಗೂ ಹೆದರಿಕೆಯಾಗಿ, ಹೋಗಲಿ ಬಿಡು ಎಂದು ಮಹಾಲಿಂಗಪ್ಪನವರಿಗೆ ಬರುವುದಿಲ್ಲ ಎಂದು ಬರೆದುಬಿಟ್ಟೆ.

ಇವತ್ತು ಮೊಯಿನುದ್ದೀನ್ ಕಾಗದ ಬಂದಿದೆ. ಯಶವಂತಪುರ ಸರ್ಕಲ್ಲಿನಿಂದ ಹೆಬ್ಬಾಳದವರೆಗೆ ಗೋಡೆ ಗೋಡೆಗೂ ಪೋಸ್ಟರಂತೆ. ‘ಹಾರ್ಮನಿ ಫೋರ್, ಮತ್ತೊಮ್ಮೆ! ನಾಯಕತ್ವ: ಜಯಸಿಂಹ. ಗಾಯನ: ಪಂಕಜಾ.’ ಪಂಕಜಾ ನಿಮ್ಮ ಅಣ್ಣನ ಮಗಳಂತೆ. ಗಿಟಾರ್ ಅಟ್ಟದ ಮೇಲಿತ್ತಲ್ಲ, ತಂತಿ ತುಕ್ಕು ಹಿಡಿದಿತ್ತಲ್ಲ? ಎರಡೇ ತಿಂಗಳಲ್ಲಿ ತುಕ್ಕು ಬಿಟ್ಟಿತೇ? ಮೊಯಿನುದ್ದೀನ್ ಹೇಳುವ ಪ್ರಕಾರ ನೀವು ಯುಗಾದಿಯಿಂದಲೇ ಆ ಹುಡುಗಿಗೆ ಅಭ್ಯಾಸ ಮಾಡಿಸುತ್ತಿದ್ದಿರಿ. ಅಂದರೆ ನಾನು ಕೇಳುವ ಮುಂಚೆಯೇ! ಮತ್ತೆ ಆಗುವುದಿಲ್ಲ ಎಂದು ನನಗೆ ಬುದ್ಧಿ ಹೇಳುತ್ತಾ, ಒಳಗೊಳಗೇ ಮತ್ತೆ ಮಾಡುತ್ತಿದ್ದಿರಿ.

ನಾಚಿಕೆ ಆಗಲ್ವಾ ನಿಮಗೆ? ನನಗೆ ಬಾಗಿಲು ಹಾಕಿ ನೀವು ಹಿತ್ತಿಲಿನಿಂದ ನುಗ್ಗಿದ್ದೀರಿ. ಆ ವೇದಿಕೆ ನನ್ನದಾಗಿತ್ತು.

ಸತ್ಯವತಿ


ಆರ್.ಟಿ. ನಗರ
27 ಆಗಸ್ಟ್ 1984

ಶ್ರೀಮತಿ ಸತ್ಯವತಿ ಅವರಿಗೆ,

ನಿಮಗೆ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೂ ಬರೆಯುತ್ತೇನೆ. ನಾನು ಹಳೆಯದನ್ನು ಮತ್ತೆ ಮಾಡುತ್ತಿಲ್ಲ, ಸರಿಯಾಗಿ ಮಾಡುತ್ತಿದ್ದೇನೆ. ಪಂಕಜಾ ಶಾಸ್ತ್ರೀಯ ಸಂಗೀತ ಕಲಿತವಳು, ಒಂದು ಶ್ರುತಿ ಅತ್ತಿತ್ತ ಹೋಗುವುದಿಲ್ಲ. ಡ್ರಮ್ಮಿನ ಹುಡುಗನಿಗೆ ನಾಟಕದ ಅನುಭವವಿದೆ, ಉಚ್ಚಾರಣೆ ಮುತ್ತು. ಜನ ಮೊದಲ ಸಲ ಆ ಹಾಡನ್ನು ನಾನು ಬರೆದ ಹಾಗೆ ಕೇಳಲಿದ್ದಾರೆ. ಅವರು ಎದ್ದು ನಿಂತ ಮೇಲೆ ಎಬ್ಬಿಸಿದ್ದು ಯಾರು ಎಂದು ನಿಮಗೂ ತಿಳಿಯುತ್ತದೆ.

ಸೆಪ್ಟೆಂಬರ್ ಎಂಟಕ್ಕೆ ಬನ್ನಿ ಬೇಕಾದರೆ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ.

ಜಯಸಿಂಹ


ಆರ್.ಟಿ. ನಗರ
12 ಸೆಪ್ಟೆಂಬರ್ 1984

ಶ್ರೀಮತಿ ಸತ್ಯವತಿ ಅವರಿಗೆ,

ನಿಮ್ಮ ಕುರ್ಚಿ ಖಾಲಿ ಉಳಿಯಿತು. ನಷ್ಟ ನಿಮ್ಮದೇ. ಕಾರ್ಯಕ್ರಮ ಅಮೋಘವಾಗಿ ನಡೆಯಿತು. ಜನ ಮಂತ್ರಮುಗ್ಧರಾಗಿ, ಕುಳಿತ ಕಡೆಯಿಂದ ಅಲ್ಲಾಡದೆ ಕೇಳಿದರು. ತಿಳಿದವರು ಕೇಳುವುದು ಹಾಗೆಯೇ, ಎದ್ದು ಕುಣಿಯುವುದಿಲ್ಲ. ಹಾರ್ಮನಿ ಫೋರ್ ಈಗ ಸುರಕ್ಷಿತ ಕೈಗಳಲ್ಲಿದೆ ಎಂದು ಮಹಾಲಿಂಗಪ್ಪನವರೇ ಹೇಳಿದರು. ಇನ್ನು ಈ ವಿಷಯ ಇಲ್ಲಿಗೆ ಬಿಡೋಣ.

ಜಯಸಿಂಹ


ಹುಬ್ಬಳ್ಳಿ
19 ಸೆಪ್ಟೆಂಬರ್ 1984

ಜಯಸಿಂಹ ಅವರಿಗೆ,

ನಾನು ಬಂದಿದ್ದೆ, ಅತ್ತೆಗೆ ಬೇರೆ ನೆಪ ಹೇಳಿ. ನಿಮ್ಮ ಕುರ್ಚಿಯಲ್ಲಿ ಅಲ್ಲ, ಹಿಂದೆ ಹೆಂಗಸರ ಗುಂಪಿನಲ್ಲಿ, ತಲೆ ಮೇಲೆ ಸೆರಗು ಹೊದ್ದು ಕೂತಿದ್ದೆ.

ಮಂತ್ರಮುಗ್ಧರಂತೆ! ನಿಮ್ಮ ಮುತ್ತಿನ ಹುಡುಗ ‘ಹೇಳಿ, ಹೇಳಿ’ ಎಂದಾಗ ಏಳಲು ಕಾಲು ಮಡಿಸಿಕೊಂಡಿದ್ದ ಸುತ್ತಲಿನವರೆಲ್ಲ ಹಾಗೇ ಉಳಿದರು. "ಏನಂದ?" "ಹೇಳಿ ಅಂದ." "ಏನ್ ಹೇಳ್ಬೇಕಂತೆ?" ನನ್ನ ಹಿಂದಿದ್ದವನೊಬ್ಬ "ಗುರೂ, ಆ ಏಳಿ ಅನ್ನೋನೆಲ್ಲಿ, ಅವನ್ನ ಕರ್ಸೋ!" ಎಂದು ಕೂಗಿದ. ನಿಮಗೂ ಕೇಳಿಸಿತು, ನೀವು ಒಂದು ತಾಳ ತಪ್ಪಿದ್ದನ್ನು ನಾನು ಕೇಳಿದೆ. ಎರಡನೇ ಚರಣಕ್ಕೆ ಜನ ಎದ್ದರು, ನಿಜ. ಮನೆಗೆ ಹೋಗಲು ಎದ್ದರು.

ಆ ಹುಡುಗಿ ಪಂಕಜಾ ಚೆನ್ನಾಗಿ ಹಾಡಿದಳು. ಕೊನೆಯ ಚರಣವನ್ನು ಎದ್ದು ಹೋಗುವವರ ಬೆನ್ನಿಗೆ ಹಾಡಿದಳು. ಅವಳನ್ನು ಅಲ್ಲಿ ನಿಲ್ಲಿಸಿದ್ದಕ್ಕೆ ನಿಮ್ಮನ್ನು ಬೈಯಲು ನನ್ನ ಹತ್ತಿರ ಸರಿಯಾದ ಬೈಗುಳವಿಲ್ಲ.

ಆದರೂ ನನಗೆ ಖುಷಿಯಾಯಿತು. ಮರೆಮಾಚುವುದಿಲ್ಲ, ಭಾಳ ಖುಷಿಯಾಯಿತು.

ಸತ್ಯವತಿ


ಆರ್.ಟಿ. ನಗರ
5 ಅಕ್ಟೋಬರ್ 1984

ಸತ್ಯ,

ಮನೆಯಲ್ಲಿ ಯಾರೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಪಂಕಜಾ ಹಾಡುವುದಿಲ್ಲ ಎಂದುಬಿಟ್ಟಿದ್ದಾಳೆ. ನಾನು ಕೆಲಸ ಮಾಡುವ ಕಾರ್ಖಾನೆಯ ಕ್ಯಾಂಟೀನಿಗೆ ಕಾಲಿಟ್ಟರೆ ಹುಡುಗರು "ಹೇಳಿ, ಹೇಳಿ" ಎಂದು ಕಿಸಕ್ಕನೆ ನಗುತ್ತಾರೆ.

ಸರಿ, ನೀನು ಹೇಳಿದ್ದೇ ಆಗಲಿ. ಇನ್ನೊಂದು ಸಲ ಮಾಡೋಣ. ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆಯವರು ಜಾಗ ಕೊಡುತ್ತಾರೆ. ನೀನು ಹಾಡು, ಪುಟ್ಟಣ್ಣ ಬರಲಿ, ಏಳಿ ಎಂದೇ ಕೂಗಲಿ. ನನ್ನ ಅಭ್ಯಂತರವಿಲ್ಲ. ಹೋದ ಭಾನುವಾರ ಅವನನ್ನು ಕರೆಯೋಣ ಎಂದು ಶೆಟ್ಟಿಹಳ್ಳಿಯ ಅವನ ಮನೆವರೆಗೂ ಹೋದೆ. ಬಾಗಿಲು ತಟ್ಟಲು ಆಗಲಿಲ್ಲ, ವಾಪಸ್ಸು ಬಂದೆ. ಅವನು ನನ್ನನ್ನು ಕಂಡರೆ ಉಗಿಯುತ್ತಾನೆ. ನೀನು ಕರೆದರೆ ಬರುತ್ತಾನೆ. ನಾಲ್ವರೂ ಇದ್ದರೆ ಜನ ಏಳುತ್ತಾರೆ, ನನಗೆ ಖಾತ್ರಿ ಇದೆ. ಇದೊಂದು ಸಲ ಸತ್ಯ.

ಜಯಣ್ಣ


ಹುಬ್ಬಳ್ಳಿ
13 ಅಕ್ಟೋಬರ್ 1984

ಜಯಸಿಂಹ ಅವರಿಗೆ,

ಈಗ ನಾನು ಸತ್ಯ ಆದೆನೇ?

ಹಾಡುತ್ತೇವೆ. ನಿಮ್ಮ ಜೊತೆ ಅಲ್ಲ. ಮೊಯಿನುದ್ದೀನ್ ದಾಸರಹಳ್ಳಿಯ ಕಾರ್ಮಿಕರ ಸಂಘದವರನ್ನು ಕಂಡು ಮಾತಾಡಿದ್ದಾರೆ, ರಾಜ್ಯೋತ್ಸವಕ್ಕೆ ಅವರ ಮೈದಾನದಲ್ಲೇ ಹಾಡುತ್ತೇವೆ. ಪುಟ್ಟಣ್ಣ ಪೀಣ್ಯದ ಒಂದು ಲೇತ್ ಕಾರ್ಖಾನೆಯಲ್ಲಿದ್ದಾನೆ, ಕೇಳಿದ ತಕ್ಷಣ ಒಪ್ಪಿದನಂತೆ. ನಮ್ಮ ಯಜಮಾನರು ಅತ್ತೆಗೆ ಮೊದಲ ಸಲ ಎದುರು ಮಾತಾಡಿ ನನಗೆ ಟಿಕೆಟ್ ತಂದುಕೊಟ್ಟಿದ್ದಾರೆ. ಗಿಟಾರಿಲ್ಲದೆ, ಹೆಸರಿಲ್ಲದೆ, ಮೂರೇ ಜನ. ಆ ಮೈದಾನ ಎದ್ದು ನಿಲ್ಲದಿದ್ದರೆ ನನ್ನನ್ನು ಕೇಳಿ. ನೀವು ದಯವಿಟ್ಟು ಆ ಕಡೆ ತಲೆ ಹಾಕಬೇಡಿ.

ಸತ್ಯವತಿ


ಆರ್.ಟಿ. ನಗರ
15 ನವೆಂಬರ್ 1984

ಸತ್ಯವತಿ,

ಪ್ರಧಾನಿ ತೀರಿಕೊಂಡು ಎಲ್ಲ ಕಾರ್ಯಕ್ರಮವೂ ನಿಂತಿತಲ್ಲ, ದಾಸರಹಳ್ಳಿಯದು ಏನಾಯಿತು? ಮುಂದೆ ಹಾಕಿದ್ದಾರೆ ಎಂದು ಕೇಳಿದೆ. ನಾನು ಬರುವುದಿಲ್ಲ, ಮಾತು ಕೊಡುತ್ತೇನೆ. ಜನ ಎದ್ದರೋ ಇಲ್ಲವೋ ಒಂದು ಸಾಲು ಬರೆ. ಬೈದಾದರೂ ಬರೆ.

ಜಯಸಿಂಹ


ಹುಬ್ಬಳ್ಳಿ
30 ನವೆಂಬರ್ 1984

ಜಯಸಿಂಹ ಅವರಿಗೆ,

ಬರೆಯಬಾರದು ಎಂದುಕೊಂಡಿದ್ದೆ. ಆದರೆ ಇದನ್ನು ನಿಮ್ಮ ಹೊರತು ಯಾರಿಗೆ ಬರೆದರೂ ಅರ್ಥವಾಗುವುದಿಲ್ಲ, ಅದೇ ನನ್ನ ಕರ್ಮ.

ಹೋದ ಭಾನುವಾರ ಸಂಜೆ ಕಾರ್ಯಕ್ರಮ ನಡೆಯಿತು. ಪುಟ್ಟಣ್ಣ ಸೈಕಲ್ಲಿನಲ್ಲಿ ಹೆಂಡತಿ ಮಾರಕ್ಕನನ್ನು ಕೂರಿಸಿಕೊಂಡು ಬಂದ. ತಲೆ ಅರ್ಧ ಬೆಳ್ಳಗಾಗಿದೆ. "ಎಂಗಿದ್ದೀರಕ್ಕ?" ಎಂದ. ಆ ‘ಎಂಗಿದ್ದೀರ’ ಕೇಳಿ ನನಗೆ ಅಳು ಬಂತು, ನಾಲಿಗೆ ಹಾಗೇ ಇದೆಯಲ್ಲ ಎಂದು. ಒಂದು ಸಲ ಪ್ರಾಕ್ಟೀಸ್ ಮಾಡೋಣ್ವೇನೋ ಎಂದೆ. "ಬ್ಯಾಡ ಬುಡಿ ಅಕ್ಕ, ಆ ಆಡು ನಾನು ದಿನಾ ಆಡ್ಕಂತಾನೇ ಇವ್ನಿ" ಎಂದ. ನಾನು ಖುಷಿಯಲ್ಲಿ ಹೆಚ್ಚು ಕೇಳಲಿಲ್ಲ.

ಮೈದಾನ ತುಂಬಿತ್ತು. ಯಶವಂತಪುರದ ಹಳಬರು ಎಷ್ಟೋ ಜನ ಬಂದಿದ್ದರು, ಗೋಪಾಲಮ್ಮನೂ ಬಂದಿದ್ದರು. ಮೊದಲ ಸಾಲಿಗೆ ನನ್ನ ದನಿ ನಡುಗಿತು, ಆಮೇಲೆ ಬಂತು. ಒಂಬತ್ತು ವರ್ಷ ಎಲ್ಲಿ ಅಡಗಿತ್ತೋ, ಅಡುಗೆಮನೆಯ ದನಿ ಅಲ್ಲ, ನನ್ನ ದನಿಯೇ ಬಂತು. ‘ಕಿಟಕಿ ತಟ್ಟಿದವರ್ಯಾರು’ ಎಂದು ಹಾಡಿ ಪುಟ್ಟಣ್ಣನ ಕಡೆ ತಿರುಗಿದೆ. ಜನರೂ ತಿರುಗಿದರು. ಅವನು ಕಣ್ಣು ಮುಚ್ಚಿ ಉಸಿರೆಳೆದುಕೊಂಡ.

‘ಹೇಳಿ, ಹೇಳಿ!’ ಎಂದ.

ಹ ಎಂದರೆ ಹ. ರೇಡಿಯೋದಲ್ಲಿ ವಾರ್ತೆ ಓದುವವರಿಗೂ ಅಷ್ಟು ಸ್ಪಷ್ಟವಾಗಿ ಬರಲಿಕ್ಕಿಲ್ಲ. ಊರಿಗೆಲ್ಲ ಎಚ್ಚರ ಆಯ್ತು ಎಂಬುದೂ ಅಷ್ಟೇ ಚೊಕ್ಕ. ಗೋಪಾಲಮ್ಮ ಅರ್ಧ ಎದ್ದವರು ಅಕ್ಕಪಕ್ಕ ನೋಡಿ ಕೂತುಬಿಟ್ಟರು. ಬೇರೆ ಯಾರೂ ಅಲ್ಲಾಡಲಿಲ್ಲ. ನಾನು ಹಾಡನ್ನು ಕೊನೆವರೆಗೂ ಹಾಡಿದೆ. ಜನ ಚಪ್ಪಾಳೆ ತಟ್ಟಿದರು, ಎಲ್ಲ ಹಾಡಿಗೂ ತಟ್ಟುವಷ್ಟೇ.

ಪರದೆಯ ಹಿಂದೆ ಮಾರಕ್ಕ ಹೇಳಿದರು. ಆವತ್ತು ಹೆಬ್ಬಾಳದಲ್ಲಿ ಜನ ನಕ್ಕ ಮೇಲೆ ಅವನು ‘ಹ’ ಅಭ್ಯಾಸ ಶುರು ಮಾಡಿದ್ದಂತೆ. "ನೀರು ಉಯ್ಕಳ್ವಾಗ್ಲೂ ಅದೇ, ಸೈಕಲ್ ತುಳಿವಾಗ್ಲೂ ಅದೇ. ಮಾತಲ್ಲಿ ಬರ‍್ದಿದ್ರೆ ಓಗ್ಲಿ, ಆಡಲ್ಲಿ ಬರ‍್ಬೇಕು ಅಂತಿದ್ರು" ಎಂದರು. ನಿಮ್ಮ ಮೇಲೆ ಅವನಿಗೆ ಸಿಟ್ಟಿರಬಹುದು ಎಂದು ನಾವಿಬ್ಬರೂ ತಿಳಿದಿದ್ದೆವಲ್ಲ. ಅವನಿಗೆ ಸಿಟ್ಟೇ ಇರಲಿಲ್ಲ, ನಾಚಿಕೆ ಇತ್ತು. ಜನ ತನ್ನ ‘ಏಳಿ’ ಕೇಳಿಯೇ ಎದ್ದಿದ್ದು ಎಂದು ಅವನಿಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ನೀವು ಹೇಳಲಿಲ್ಲ. ನಾನೂ ಹೇಳಿರಲಿಲ್ಲ.

ಮತ್ತೆ ಆಗುವುದಿಲ್ಲ ಎಂದು ಬರೆದಿದ್ದಿರಿ. ಹೌದು, ಆಗುವುದಿಲ್ಲ. ನೀವೇ ಆಗದ ಹಾಗೆ ಮಾಡಿಟ್ಟಿದ್ದೀರಿ. ನಿಮ್ಮನ್ನು ನಾನು ಕ್ಷಮಿಸುವುದಿಲ್ಲ, ಈ ಕಾಗದಕ್ಕೆ ಉತ್ತರವನ್ನೂ ಬರೆಯಬೇಡಿ.

ಆದರೆ ಒಂದು ಕೆಲಸ ಮಾಡಬೇಕು. ಹೊರಡುವಾಗ ಪುಟ್ಟಣ್ಣ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹತ್ತಿರ ಬಂದ. ಮುಖ ಅರಳಿತ್ತು. "ಈ ಸಲ ಸರ‍್ಯಾಗ್ ಏಳ್ದ್ನಾ ಅಕ್ಕ? ಜಯಣ್ಣಾರು ಬಂದಿದ್ರಾ? ಕೇಳುಸ್ಕಂಡ್ರಾ?" ಎಂದ. ಬಂದಿದ್ರು ಕಣೋ, ಹಿಂದೆ ನಿಂತು ಕೇಳಿದ್ರು, ಸರಿಯಾಗಿ ಹೇಳ್ದ ಅಂತ ಹೇಳಿ ಹೋದ್ರು ಎಂದೆ. ಅಲ್ಲೇ ಕೂತು ಅತ್ತುಬಿಟ್ಟ. ಎಲ್ಲಾದರೂ ಅವನು ನಿಮ್ಮ ಎದುರಿಗೆ ಸಿಕ್ಕಿ ಕೇಳಿದರೆ, ಹೌದು ಎನ್ನಿ.

ಸತ್ಯವತಿ